ಗಾಯ ಮಾಯಿಸುವವರು ಯಾರು?

1537ರ ಸುಮಾರಿಗೆ ಇಟಲಿಯ ಟುರಿನ್ ಬಳಿ ಯುದ್ಧ ನಡೆದಿತ್ತು. ಫ್ರೆಂಚ್ ಸೇನೆಯ ಯುವ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಗುಂಡಿನ ಗಾಯಗಳಿಗೆ ಕುದಿಯುವ ಎಣ್ಣೆ ಹೊಯ್ಯುತ್ತಿದ್ದ. ಮದ್ದಿನಪುಡಿಯ ನಂಜು ಇಳಿಯಲು ಅದೇ ದಾರಿ ಎಂದು ಆ ಕಾಲ ನಂಬಿತ್ತು. ಒಂದು ದಿನ ಎಣ್ಣೆ ಮುಗಿಯಿತು. ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಎಣ್ಣೆ ಕಾಣದವರು ಬೆಳಗಾಗುವುದರೊಳಗೆ ಸತ್ತಾರೆಂಬ ಭಯಕ್ಕೆ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ನಸುಕಿಗೇ ಎದ್ದು ಹೋಗಿ ನೋಡಿದರೆ ಮುಲಾಮಿನವರಿಗೆ ನೋವು ಕಮ್ಮಿ, ಬಾವೂ ಇಲ್ಲ. ಎಣ್ಣೆ ಹೊಯ್ಯಿಸಿಕೊಂಡವರು ಜ್ವರದಲ್ಲಿ ನರಳುತ್ತಿದ್ದರು.

ಮುಂದೆ ದೊರೆಗಳ ವೈದ್ಯನಾದ ಪಾರೆ, ಪಟ್ಟಿ ಕಟ್ಟಿದ್ದಷ್ಟೇ ತಾನು, ವಾಸಿ ಮಾಡಿದವನು ದೇವರು ಎಂದ. ಬರೀ ವಿನಯವೆಂದು ಈ ಮಾತನ್ನು ದಾಟಿಹೋಗಲಾಗದು. ಮಾಯಿಸುವವನು ದೇವರೇ ಆದರೆ, ಪಟ್ಟಿ ಕಟ್ಟಿದವನಿಗೆ ಆ ರಾತ್ರಿ ನಿದ್ದೆ ಯಾಕೆ ಬರಲಿಲ್ಲ?

ಇಂದು ಈ ಪ್ರಶ್ನೆ ಗಂಟಲ ಕ್ಯಾನ್ಸರಿನ ವಾರ್ಡಿನಲ್ಲಿ ಎದುರಾಗುತ್ತದೆ. ವಿಕಿರಣದಿಂದ ಸೊರಗಿದ ಕುತ್ತಿಗೆಯಲ್ಲಿ ಹೊಲಿಗೆ ಬಿಟ್ಟುಕೊಂಡರೆ ಗಂಟಲಿನ ಜೊಲ್ಲು ಚರ್ಮದವರೆಗೂ ತೂತು ಮಾಡಿಕೊಂಡು ಸೋರುತ್ತದೆ. ಸದಾ ಒದ್ದೆಯಾದ ಹುಣ್ಣು ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಲೂಯಿಸ್ ಅರ್ಜೆಂಟಾ, ಮೈಕೆಲ್ ಮೊರಿಕ್ವಾಸ್ 1997ರಲ್ಲಿ ಪ್ರಕಟಿಸಿದ ವಿಧಾನ ಇಂಥ ಕಡೆಯೂ ಬಳಕೆಗೆ ಬಂದಿದೆ. ಗಾಯದೊಳಗೆ ಸ್ಪಂಜು, ಮೇಲೆ ಅಂಟಿಸಿದ ಪಾರದರ್ಶಕ ಹಾಳೆ, ಅದರಿಂದ ಹೊರಟ ಕೊಳವೆ, ಕೊನೆಗೊಂದು ಪಂಪು. ಸುತ್ತಲಿನ ಗಾಳಿಗಿಂತ ಒಳಗಿನ ಒತ್ತಡವನ್ನು ಪಂಪು ಸಾಮಾನ್ಯವಾಗಿ ಪಾದರಸದ 125 ಮಿಲಿಮೀಟರ್‌ನಷ್ಟು ಇಳಿಸಿ ಇಡುತ್ತದೆ. ಕೀವುನೀರು ಹೊರಗೆ ಬರುತ್ತದೆ, ಗಾಯದ ಅಂಚುಗಳು ಹತ್ತಿರವಾಗುತ್ತವೆ, ತಳದಲ್ಲಿ ಹೊಸ ಮಾಂಸದ ಕೆಂಪು ಹರಳುಗಳು ಮೂಡುತ್ತವೆ.

ಗಮನಿಸಬೇಕಾದ ಸಂಗತಿ, ಆ ಸ್ಪಂಜಿನಲ್ಲಿ ಔಷಧ ಇರಲೇಬೇಕೆಂದಿಲ್ಲ.

ಪತಂಜಲಿಯ ಯೋಗಸೂತ್ರದ ಕೈವಲ್ಯಪಾದದಲ್ಲಿ ಒಬ್ಬ ರೈತ ಬರುತ್ತಾನೆ. ನಿಮಿತ್ತವು ಪ್ರಕೃತಿಯನ್ನು ನಡೆಸುವುದಿಲ್ಲ, ಅಡ್ಡಿ ತೆಗೆಯುತ್ತದೆ ಅಷ್ಟೇ ಎನ್ನಲು ಪತಂಜಲಿ ಅವನನ್ನು ಕರೆತರುತ್ತಾರೆ. ರೈತ ನೀರನ್ನು ಹೊತ್ತು ತರುವುದಿಲ್ಲ. ಬದು ಕಡಿಯುತ್ತಾನೆ, ನೀರು ತಾನಾಗಿ ಕೆಳಗಿನ ಮಡಿಗೆ ಹರಿಯುತ್ತದೆ. ಪಂಪಿನ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಜೊಲ್ಲನ್ನು ಆಚೆ ತೆಗೆದರೆ ಮಾಂಸ ಬೆಳೆಯುವುದು ಮೈಯ ಸ್ವಭಾವ. ಭಕ್ತರು ಅದನ್ನು ದೇವರೆನ್ನಲಿ, ಸಾಂಖ್ಯರು ಪ್ರಕೃತಿಯೆನ್ನಲಿ, ವೈದ್ಯರು ಬೆಳೆಸಿದ್ದಲ್ಲ ಎಂಬುದಂತೂ ಖಂಡಿತ.

ಹಾಗೆಂದು ರೈತ ಬದು ಕಡಿದು ಮಲಗುವಂತಿಲ್ಲ. ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿ ಇದೆ. ಅದು ತೆರೆದುಕೊಂಡಿದ್ದರೆ ಮೇಲೆ ನೇರವಾಗಿ ಸ್ಪಂಜು ಇಡಬಾರದು. ಕ್ಯಾನ್ಸರ್ ಗಡ್ಡೆ ಉಳಿದ ಗಾಯಕ್ಕೂ ಇದು ಸಲ್ಲ. ಈ ಯಂತ್ರಗಳ ಬಳಕೆಯಲ್ಲಿ ಎರಡು ವರ್ಷಗಳಲ್ಲಿ 6 ಸಾವು, 77 ಗಾಯದ ಪ್ರಕರಣಗಳು ವರದಿಯಾಗಿವೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರಲ್ಲಿ ಎಚ್ಚರಿಸಿತು. ಅತ್ಯಂತ ಗಂಭೀರ ತೊಡಕು ರಕ್ತಸ್ರಾವ. ತಾನು ನಿಮಿತ್ತಮಾತ್ರ ಎಂಬ ಮಾತನ್ನು ಹೊಣೆ ಜಾರಿಸಲು ಬಳಸುವವರು ಈ ಅಂಕಿಗಳ ಮುಂದೆ ನಿಲ್ಲಬೇಕು. ಫಲ ತನ್ನದಲ್ಲದಿರಬಹುದು, ಕಾವಲು ತನ್ನದೇ. ಪಾರೆಯ ನಿದ್ದೆಗೇಡಿನಲ್ಲಿ ಅವನ ದೈವಭಕ್ತಿಯೇ ಎಚ್ಚರವಾಗಿತ್ತು ಎಂದು ಓದುವುದು ಹೆಚ್ಚು ಸರಿ.

ಮುಖ, ಕುತ್ತಿಗೆಗಳಲ್ಲಿ ಪಂಪಿನ ಹಾಳೆ ಅಂಟಲು ಸಮತಟ್ಟಾದ ಜಾಗ ಕಮ್ಮಿ. ಮೂಗಿನ ಪಕ್ಕ, ಕಿವಿಯ ಹಿಂದೆ, ಗಡ್ಡ ಚಿಗುರಿದ ದವಡೆಯಲ್ಲಿ ಹಾಳೆ ಬಿಟ್ಟುಕೊಳ್ಳುತ್ತದೆ. ಗಾಳಿ ಸುಯ್ಗುಟ್ಟಿದರೆ ಪಂಪು ಕೂಗುತ್ತದೆ. ರಾತ್ರಿ ಪಾಳಿಯ ನರ್ಸ್ ಎದ್ದು ಬಂದು, ಸೋರುವ ಜಾಗವನ್ನು ಬೆರಳಿನಿಂದ ತಡವಿ ಹುಡುಕಿ, ಇನ್ನೊಂದು ತುಂಡು ಹಾಳೆ ಕತ್ತರಿಸಿ ಅಂಟಿಸಿ, ಕೂಗು ನಿಲ್ಲುವವರೆಗೂ ಅಂಗೈ ಒತ್ತಿ ಹಿಡಿದಿರುತ್ತಾರೆ.