ಗಾಡಿ ಹೊಡೆಯೋರಿಗೇ ರೇನ್‌ಕೋಟು

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ರೇನ್‌ಕೋಟು. ಅದು ಅಪ್ಪನದು. ಕಡು ನೀಲಿ ಬಣ್ಣ, ಒಳಗೆಲ್ಲ ರಬ್ಬರ್ ವಾಸನೆ. ಅಂದೋಲಾದಿಂದ ಬೆಳಿಗ್ಗೆ ಮೂವರೂ ಒಂದೇ ಗಾಡಿಯಲ್ಲಿ ಜೇವರ್ಗಿಗೆ ಹೊರಡುತ್ತಿದ್ದೆವು. ಅಪ್ಪ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ, ಅವ್ವ ಟೇಲರ್ ಅಂಗಡಿಯೊಂದರಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದಳು, ನಾನು ಶಾಲೆಗೆ. ದಾರಿಯಲ್ಲಿ ಮಳೆ ಹಿಡಿದರೆ ಅಪ್ಪ ಗಾಡಿ ನಿಲ್ಲಿಸಿ ಕೋಟು ಹಾಕಿಕೊಳ್ಳುತ್ತಿದ್ದ. ನಾನು ಟ್ಯಾಂಕಿನ ಮೇಲೆ ಅವನ ಕೋಟಿನೊಳಗೆ ನುಸುಳಿಕೊಂಡು, ಗುಂಡಿಗಳ ಸಂದಿನಿಂದ ರಸ್ತೆ ನೋಡುತ್ತಿದ್ದೆ. ಹಿಂದೆ ಅವ್ವ. ರಾತ್ರಿ ಮನೆಗೆ ತಂದು ಫಾಲ್ ಹಚ್ಚಿದ ಬೇರೆಯವರ ಸೀರೆಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಎದೆಗವಚಿಕೊಂಡು ಕೂತಿರುತ್ತಿದ್ದಳು.

ಅಂದರೆ ಅಪ್ಪ ತೊಯ್ಯುತ್ತಿರಲಿಲ್ಲ, ನಾನು ತೊಯ್ಯುತ್ತಿರಲಿಲ್ಲ, ಊರವರ ಸೀರೆ ತೊಯ್ಯುತ್ತಿರಲಿಲ್ಲ. ಅವ್ವ ತೊಯ್ಯುತ್ತಿದ್ದಳು. ಆಮೇಲೆ ಅದೇ ಹಸಿ ಸೀರೆಯಲ್ಲಿ ಸಂಜೆವರೆಗೂ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುತ್ತಿದ್ದಳು.

ಒಮ್ಮೆ ನಾನು ಕೇಳಿದ್ದೆ, ನಿನಗ್ಯಾಕೆ ರೇನ್‌ಕೋಟಿಲ್ಲ ಅಂತ. ಅವಳು ಹೇಳಿದ್ದು ಇಷ್ಟೇ: "ಗಾಡಿ ಹೊಡಿಯಾಂವಗ ಬೇಕಲ್ಲೋ. ಅಂವಗ ಚಳಿ ಹತ್ತಿ ಕೈ ನಡುಗಿದ್ರ ನಾವೆಲ್ಲಾ ಬೀಳ್ತೀವಿ."

ಈ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ. ಈಗಲೂ ಅದು ತಪ್ಪು ಅಂತ ಸುಲಭಕ್ಕೆ ಹೇಳೋಕಾಗಲ್ಲ. ಬೈಕ್ ಓಡಿಸುವವರಿಗೆ ಗೊತ್ತು. ಅರವತ್ತರ ವೇಗದಲ್ಲಿ ಮಳೆ ಹನಿ ಹನಿಯಾಗಿ ಬೀಳಲ್ಲ, ಸೂಜಿಯ ಹಾಗೆ ಚುಚ್ಚುತ್ತೆ. ತೊಯ್ದ ಮೈಗೆ ಗಾಳಿ ಬಡಿದು ಬೆರಳು ಮರಗಟ್ಟುತ್ತವೆ, ಬ್ರೇಕ್ ಹಿಡಿಯುವುದು ಅರೆಗಳಿಗೆ ತಡವಾಗುತ್ತೆ. ಹಿಂದೆ ಕೂತವರಿಗೆ ಮುಂದಿನವರ ಬೆನ್ನಾದರೂ ಮರೆ ಇರುತ್ತೆ. ಆದ್ದರಿಂದ ಇರುವ ಒಂದು ಕೋಟು ಓಡಿಸುವವನಿಗೆ ಹೋಗುವುದು ಅವನ ಸುಖಕ್ಕಲ್ಲ, ಎಲ್ಲರ ಕ್ಷೇಮಕ್ಕೆ. ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರ ತಮ್ಮ ಪುಸ್ತಕದಲ್ಲಿ ನ್ಯಾಯಕ್ಕೆ ಒಂದು ಪರೀಕ್ಷೆ ಇಟ್ಟರು. ಆದಾಯ, ಸವಲತ್ತುಗಳ ಹಂಚಿಕೆಯಲ್ಲಿ ಅಸಮಾನತೆ ಇದ್ದರೆ ಅದು ಎಲ್ಲರಿಗಿಂತ ಕೆಳಗಿರುವವರಿಗೂ ಒಳ್ಳೆಯದು ಮಾಡುತ್ತಿರಬೇಕು, ಆಗ ಮಾತ್ರ ಅದನ್ನು ಒಪ್ಪಬಹುದು ಅಂತ. ಅವರು ಮಾತಾಡಿದ್ದು ಇಡೀ ಸಮಾಜದ ಬಗ್ಗೆ, ಬೈಕಿನ ಬಗ್ಗೆ ಅಲ್ಲ. ಆದರೂ ಆ ಅಳತೆಗೋಲು ಇಟ್ಟು ನೋಡಿದರೆ ಅಪ್ಪನ ನೀಲಿ ಕೋಟು ಪಾಸಾಗುತ್ತೆ. ಅಪ್ಪ ಒಣಗಿದ್ದರೆ ಅವ್ವನೂ ಸುರಕ್ಷಿತವಾಗಿ ಮನೆ ಸೇರುತ್ತಾಳೆ ತಾನೆ?

ಹಾಗಿದ್ದರೆ ತಪ್ಪು ಎಲ್ಲಿದೆ? ಅದು ನನಗೆ ಗೊತ್ತಾಗಿದ್ದು ಕಳೆದ ಸೆಪ್ಟೆಂಬರ್‌ನಲ್ಲಿ.

ಬೆಂಗಳೂರಿಂದ ಬೈಕಿನಲ್ಲೇ ಊರಿಗೆ ಹೋಗಿದ್ದೆ. ಹೋಗೋ ಮುಂಚೆ ಐದು ಸಾವಿರ ಕೊಟ್ಟು ಒಳ್ಳೇ ರೈನ್ ಸೂಟ್ ತಗೊಂಡಿದ್ದೆ. ಜಾಕೆಟ್ಟು, ಪ್ಯಾಂಟು ಬೇರೆ ಬೇರೆ. ಇವುಗಳ ಕಥೆ ಓದೋಕೆ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಪದರ ಬಟ್ಟೆಯ ನಡುವೆ ಕರಗಿಸಿದ ರಬ್ಬರ್ ಹಚ್ಚಿ ಪೇಟೆಂಟ್ ಪಡೆದ. ನೀರು ಒಳಗೆ ಬರಲಿಲ್ಲ, ಆದರೆ ಬೆವರೂ ಹೊರಗೆ ಹೋಗಲಿಲ್ಲ. ಅಪ್ಪನ ಕೋಟು ಅದೇ ವಂಶದ್ದು. 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಜಗ್ಗಿ ಎಳೆದಾಗ ಅದರಲ್ಲಿ ಅತಿ ಸೂಕ್ಷ್ಮ ರಂಧ್ರಗಳು ಹುಟ್ಟಿದವು. ಮಳೆ ಹನಿ ಅವುಗಳಲ್ಲಿ ತೂರಲ್ಲ, ಬೆವರಿನ ಆವಿ ತೂರುತ್ತೆ. ನನ್ನದು ಅಷ್ಟು ದುಬಾರಿಯದಲ್ಲ, ನೈಲಾನಿಗೆ ಪಾಲಿಯುರೆಥೇನ್ ಲೇಪ, ಹೊಲಿಗೆಗಳ ಮೇಲೆ ಟೇಪು. ಚೀಟಿಯಲ್ಲಿ 10,000 ಮಿಲಿಮೀಟರ್ ಅಂತ ಬರೆದಿತ್ತು. ಅಂದರೆ ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸುವವರೆಗೂ ಅದು ಸೋರಬಾರದು. ಹೊಲಿಗೆ ಸೋರುತ್ತೋ ಇಲ್ಲವೋ, ಸೀಟಿನ ಮೇಲೆ ಕೂತಾಗ ಭಾರ ಬೀಳುವ ಕಡೆ ಏನಾಗುತ್ತೆ, ಎಲ್ಲ ವಿಚಾರಿಸಿಯೇ ತಗೊಂಡಿದ್ದೆ. ಒಂದೇ ಒಂದು ವಿಷಯ ತಲೆಗೆ ಬರಲಿಲ್ಲ. ಹಿಂದಿನ ಸೀಟಿಗೂ ಒಂದು ಬೇಕಾ ಅಂತ.

ಅವತ್ತು ಅವ್ವನ ಮಂಡಿ ನೋವಿಗೆ ಕಲಬುರಗಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ವಾಪಸ್ ಬರ್ತಾ ಇದ್ದೆವು. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿದ್ದೇ ಮಳೆ ಶುರುವಾಯ್ತು. ನಮ್ಮ ಕಡೆ ಸೆಪ್ಟೆಂಬರ್ ಮಳೆ ಸಣ್ಣಗೆ ಸುರಿಯುವಂಥದ್ದಲ್ಲ, ಕಪ್ಪು ಮೋಡ ಒಮ್ಮೆಲೇ ಕಳಚಿ ಬೀಳುತ್ತೆ. ಒಂದು ಬಸ್ ಸ್ಟಾಪಿನ ಕಟ್ಟೆಯ ಹತ್ತಿರ ನಿಲ್ಲಿಸಿದೆ. ಬ್ಯಾಗಿಂದ ಸೂಟ್ ತೆಗೆದೆ, ಜಾಕೆಟ್ ಹಾಕಿ ಜಿಪ್ ಎಳೆದೆ, ಪ್ಯಾಂಟಿಗೆ ಒಂದು ಕಾಲು ತೂರಿಸಿದೆ. ಆಗ ಅವ್ವನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ಎಕ್ಸ್‌ರೇ ಕವರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟುತ್ತಿದ್ದಳು. ಆಮೇಲೆ ಹೆಲ್ಮೆಟ್ಟಿನ ಮೇಲೆ ಸೆರಗು ಎಳೆದುಕೊಂಡು, ಹೊರಡೋಕೆ ರೆಡಿಯಾಗಿ ನಿಂತಳು.

ಅವಳು ಬೇಡ ಅಂದಿದ್ದರೆ, ಬೇಕು ಅಂದಿದ್ದರೆ, ಅಥವಾ ಸುಮ್ಮನೆ ಮುಖ ಸಪ್ಪೆ ಮಾಡಿದ್ದರೂ ನನಗೆ ಅಷ್ಟು ಕಷ್ಟ ಆಗ್ತಿರಲಿಲ್ಲ. ಅವಳು ಕಾಯುತ್ತಲೂ ಇರಲಿಲ್ಲ.

ಜಾಕೆಟ್ ಬಿಚ್ಚಿ ಕೊಟ್ಟೆ. "ಹುಚ್ಚನಂಗ ಮಾಡ್ಬ್ಯಾಡ. ಗಾಡಿ ಹೊಡಿಯಾಂವ ನೀ. ನಾ ಏನ್ ಉಪ್ಪೇನು ಕರಗಾಕ?" ಅಂದಳು. ಇಪ್ಪತ್ತು ವರ್ಷದ ಹಿಂದಿನದೇ ವಾದ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ನಾ ಸಾವಕಾಶ ಹೊಡಿತೀನಿ, ನೀ ಹಾಕ್ಕೋ."

ಒಂದು ಗಳಿಗೆ ಯೋಚನೆ ಮಾಡಿದಳು. ಆಮೇಲೆ ಹಾಕಿಕೊಂಡಳು.

ಆ ಒಂದು ಗಳಿಗೆಯಲ್ಲಿ ವಾದದ ಬುಡ ಎಲ್ಲಿತ್ತು ಅನ್ನೋದು ಕಾಣಿಸಿತು. ಓಡಿಸುವವನಿಗೇ ಕೋಟು ಬೇಕು ಅನ್ನೋ ಮಾತು ನಿಲ್ಲುವುದು ಅವನು ಅದೇ ವೇಗದಲ್ಲಿ ಹೋಗ್ತಾನೆ ಅಂತ ಮೊದಲೇ ಒಪ್ಪಿಕೊಂಡಾಗ. ಅರವತ್ತಕ್ಕೆ ಚುಚ್ಚುವ ಮಳೆ ಇಪ್ಪತ್ತೈದಕ್ಕೆ ಬರೀ ಮಳೆ. ಚಳಿ ಕಡಿಮೆ, ಬ್ರೇಕಿಗೆ ಜಾಗ ಜಾಸ್ತಿ. ಕೋಟು ಒಂದೇ ಇತ್ತು ನಿಜ. ಆದರೆ ಕೊರತೆ ಇದ್ದದ್ದು ಕೋಟಿನದಷ್ಟೇ ಅಲ್ಲ, ಹೊತ್ತಿನದೂ ಹೌದು. ಯಾರು ತೊಯ್ಯಬೇಕು ಅನ್ನೋದನ್ನು ವೇಗ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೆ. ನಾವು ಆಮೇಲೆ ಅದಕ್ಕೆ ಕಾರಣ ಹುಡುಕ್ತೀವಿ, ಕಾರಣ ಚೆನ್ನಾಗಿಯೂ ಇರುತ್ತೆ.

ನಮ್ಮ ಕಡೆಯ ಆ 'ಸಾವಕಾಶ' ಅನ್ನೋ ಪದವನ್ನೇ ನೋಡಿ. ಬೆಂಗಳೂರಿನವರು 'ನಿಧಾನ' ಅಂತಾರೆ. ಸಾವಕಾಶ ಅಂದರೆ ಅವಕಾಶ ಇರುವ ಹಾಗೆ. ಇನ್ನೊಬ್ಬರಿಗೂ ಜಾಗ ಇರುವ ಹಾಗೆ ಅಂತ ನಾನು ಅವತ್ತಿನಿಂದ ಅರ್ಥ ಮಾಡಿಕೊಂಡಿದ್ದೇನೆ.

ಇದು ತ್ಯಾಗದ ಕಥೆ ಆಗಲಿಲ್ಲ ಅನ್ನೋದನ್ನೂ ಹೇಳಬೇಕು. ಹೈವೇಯಲ್ಲಿ ನಿಧಾನಕ್ಕೆ ಹೋಗುವುದಕ್ಕೂ ಅದರದೇ ಅಪಾಯ ಇದೆ. ಅಂಚಿಗೆ ಸರಿದು, ಇಂಡಿಕೇಟರ್ ಹಾಕಿಕೊಂಡೇ ಹೋದೆ. ಲಾರಿಗಳು ಪಕ್ಕದಲ್ಲೇ ಕೆಸರು ಎರಚಿ ಹೋದವು. ಪ್ಯಾಂಟು ನನ್ನ ಮೈಮೇಲೆ, ಜಾಕೆಟ್ಟು ಅವಳ ಮೈಮೇಲೆ. ಮನೆ ಮುಟ್ಟುವಾಗ ನಾನು ಸೊಂಟದಿಂದ ಮೇಲೆ, ಅವಳು ಸೊಂಟದಿಂದ ಕೆಳಗೆ ತೊಯ್ದು ತೊಪ್ಪೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ನೋಡಿ ನಕ್ಕ. "ಇಬ್ರೂ ತೊಯ್ಸಿಕೊಂಡು ಬಂದ್ರಿ? ಒಬ್ಬರರೆ ಒಣ ಇರಬಾರದಿತ್ತಾ?"

ಅಪ್ಪನ ಲೆಕ್ಕ ಸರಿಯಾಗಿಯೇ ಇತ್ತು. ಇಬ್ಬರು ಅರ್ಧರ್ಧ ತೊಯ್ಯುವುದಕ್ಕಿಂತ ಒಬ್ಬರು ಪೂರ್ತಿ ಒಣಗಿರುವುದು ಮೇಲು ಅಂತ ಯಾರಾದರೂ ಹೇಳಿದರೆ ನಾನು ಜಗಳ ಆಡಲ್ಲ. ಅವನ ಮೇಲೆ ಸಿಟ್ಟೂ ಇಲ್ಲ. ಯಾಕಂದ್ರೆ ಆವಾಗ ಅವನಿಗೆ ಸಾವಕಾಶ ಹೋಗುವ ಅವಕಾಶವೇ ಇರಲಿಲ್ಲ. ಎಂಟೂವರೆಗೆ ಅಂಗಡಿಯಲ್ಲಿ ಇರದಿದ್ದರೆ ಅರ್ಧ ದಿನದ ಪಗಾರ ಹೋಗುತ್ತಿತ್ತು. ಹ್ಯಾಂಡಲ್ ಹಿಡಿದದ್ದು ಅಪ್ಪ, ವೇಗ ಗೊತ್ತು ಮಾಡಿದ್ದು ಆ ಅಂಗಡಿಯ ಗಡಿಯಾರ. ಅವ್ವನನ್ನು ತೋಯಿಸಿದ್ದು ಅಪ್ಪ ಅಂತ ನಾನು ಅಂದುಕೊಂಡಿದ್ದೆ. ನಿಜವಾಗಿ ತೋಯಿಸಿದ ಮನುಷ್ಯ ಅಂಗಡಿಯ ಗಾದಿ ಮೇಲೆ ಒಣಗಿಯೇ ಕೂತಿದ್ದ. ತನ್ನ ಗಡಿಯಾರಕ್ಕೂ ಹಿಂದಿನ ಸೀಟಿನ ಹೆಂಗಸಿಗೂ ಸಂಬಂಧ ಇದೆ ಅಂತ ಅವನಿಗೆ ಗೊತ್ತೂ ಇರಲಿಲ್ಲ.

ಈಗ ಬೆಂಗಳೂರಿಗೆ ಬರೋಣ. ವಾಪಸ್ ಬಂದ ವಾರವೇ ಒಂದು ರಾತ್ರಿ ಜೋರು ಮಳೆ. ಅಡುಗೆ ಮಾಡೋಕೆ ಬೇಜಾರಾಗಿ ಮಸಾಲೆದೋಸೆ ಆರ್ಡರ್ ಮಾಡಿದೆ. ಬಾಗಿಲು ತೆರೆದರೆ ಹುಡುಗ ತೊಟ್ಟಿಕ್ಕುತ್ತಾ ನಿಂತಿದ್ದಾನೆ. ಬೆನ್ನ ಮೇಲಿನ ಬ್ಯಾಗಿಗೆ ಕವರ್ ಇತ್ತು, ಮೊಬೈಲಿಗೆ ಕವರ್ ಇತ್ತು. ದೋಸೆ ಬೆಚ್ಚಗಿತ್ತು, ಗರಿಗರಿಯಾಗಿತ್ತು. ನನಗೆ ಅವ್ವ ಎದೆಗವಚಿಕೊಂಡಿದ್ದ ಸೀರೆ ಗಂಟು ನೆನಪಾಯ್ತು.

ರೇನ್‌ಕೋಟ್ ಇಲ್ವಾ ಅಂತ ಕೇಳಿದೆ. "ಇದೆ ಸರ್, ಗಾಡೀಲಿದೆ. ಪ್ರತಿ ಸಲ ಹಾಕು, ತೆಗಿ, ಲಿಫ್ಟ್ ಹತ್ತು... ಅಷ್ಟರಲ್ಲಿ ಟೈಮ್ ಹೋಗತ್ತೆ" ಅಂದ.

ನಮ್ಮ ಮನೆಯ ನಿಯಮದ ಪ್ರಕಾರ ಗಾಡಿ ಹೊಡೆಯೋರಿಗೆ ಕೋಟು ಸಿಗಬೇಕು. ಇವನು ಗಾಡಿ ಹೊಡೆಯೋನೇ, ಕೋಟೂ ಇದೆ, ಆದರೂ ತೊಯ್ದಿದ್ದಾನೆ. ಈ ಸಲ ಹಿಂದಿನ ಸೀಟಿನಲ್ಲಿ ಕೂತು ಒಣಗಿರುವವನು ನಾನು. ನಕ್ಷೆಯ ಮೇಲೆ ಅವನ ಪುಟ್ಟ ಬೈಕಿನ ಚಿತ್ರ ಸಿಗ್ನಲ್ಲಿನಲ್ಲಿ ನಿಂತಾಗ ಛೆ ಅಂದವನೂ ನಾನೇ.

ಕಾನೂನಿಗೆ ಇದು ಅರ್ಥವಾಗದ ವಿಷಯವೇನಲ್ಲ. ನಾಲ್ಕು ವರ್ಷದೊಳಗಿನ ಮಗು ಬೈಕಿನಲ್ಲಿದ್ದರೆ ವೇಗ 40 ಕಿಲೋಮೀಟರ್ ದಾಟಬಾರದು ಅಂತ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಮಗುವಿಗೆ ಬೆಲ್ಟು, ಹೆಲ್ಮೆಟ್ಟು ಇದ್ದರೆ ಸಾಲದು, ಗಾಡಿಯೂ ಸಾವಕಾಶ ಆಗಬೇಕು ಅನ್ನೋದು ಅದರ ಅರ್ಥ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿಯೇ ಒಂದು ಕಾಯ್ದೆ ತಂದಿತು. ಅವರ ಕ್ಷೇಮನಿಧಿಗೆ ಕಂಪನಿಗಳು ಪ್ರತಿ ಕೆಲಸದ ಸಂಭಾವನೆಯ ಶೇಕಡಾ 1ರಿಂದ 5ರಷ್ಟನ್ನು ಶುಲ್ಕವಾಗಿ ಕಟ್ಟಬೇಕು. ಒಳ್ಳೆಯದೇ. ಆದರೆ ನಿಧಿಯ ದುಡ್ಡಿನಿಂದ ಕೋಟು ಬರಬಹುದು, ಅದನ್ನು ಹಾಕಿಕೊಳ್ಳೋಕೆ ಬೇಕಾದ ಮೂರು ನಿಮಿಷ ಬರಲ್ಲ.

ಹಾಗಂತ ಮಳೆ ಬಂದಾಗ ಆರ್ಡರ್ ಮಾಡಬಾರದಾ? ಮಾಡದಿದ್ದರೆ ನನ್ನ ಮನಸ್ಸಾಕ್ಷಿ ಒಣಗಿರುತ್ತೆ, ಅವನ ಅವತ್ತಿನ ದುಡಿಮೆ ಹೋಗುತ್ತೆ. ಅದು ಉತ್ತರ ಅಲ್ಲ. ನನಗೆ ಸದ್ಯ ತೋಚಿದ್ದು ಇಷ್ಟು: ವೇಗ ಯಾರ ಕೈಯಲ್ಲಿದೆಯೋ, ತೊಯ್ದವರ ಹೊಣೆಯೂ ಅವರದೇ. ನನ್ನ ಕೈಯಲ್ಲಿರೋ ವೇಗ ಸಣ್ಣದು. ತಡವಾದರೆ ಸ್ಟಾರ್ ಕಮ್ಮಿ ಕೊಡದೇ ಇರಬಹುದು, ಮೂರನೇ ಮಹಡಿಯಿಂದ ಇಳಿದು ಗೇಟಿಗೆ ಹೋಗಬಹುದು, 'ಮಳೆ ಇದೆ, ಅರ್ಜೆಂಟ್ ಇಲ್ಲ' ಅಂತ ಒಂದು ಮೆಸೇಜ್ ಹಾಕಬಹುದು. ಆದರೆ ಇದನ್ನು ಓದ್ತಿರೋ ನಿಮ್ಮಲ್ಲಿ ಕೆಲವರ ಕೈಯಲ್ಲಿ ಇದಕ್ಕಿಂತ ದೊಡ್ಡ ವೇಗ ಇದೆ. ಆ ನಿಮಿಷಗಳ ಲೆಕ್ಕದ ಕೋಡ್ ಬರೆಯುವವರು, ಟಾರ್ಗೆಟ್ ಹಾಕುವವರು, ಮೀಟಿಂಗಿನಲ್ಲಿ ಇನ್ನೂ ಎರಡು ನಿಮಿಷ ಇಳಿಸೋಣ ಅನ್ನುವವರು ನಮ್ಮ ಪಕ್ಕದ ಸೀಟಿನಲ್ಲೇ ಕೂತಿರ್ತಾರೆ. ಅವರು ಕೆಟ್ಟವರಲ್ಲ. ಅಡತಿ ಅಂಗಡಿಯ ಮಾಲೀಕನೂ ಕೆಟ್ಟವನಾಗಿರಲಿಲ್ಲ. ಎಸಿ ರೂಮಿನಿಂದ ಹಿಂದಿನ ಸೀಟು ಕಾಣಿಸಲ್ಲ, ಅಷ್ಟೇ.

ಅವ್ವನಿಗೆ ಈಗೊಂದು ರೇನ್‌ಕೋಟು ಕೊಡಿಸಿದ್ದೇನೆ. ಸೀರೆಯ ಮೇಲೆ ಹಾಕಿಕೊಳ್ಳುವಂಥ ಉದ್ದನೆಯದು, ನೇರಳೆ ಬಣ್ಣದ್ದು. ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ಅಂಗಳದಲ್ಲಿ ಮಳೆ ಬೀಳ್ತಾ ಇತ್ತು. ಕೋಟು ಕಾಣಿಸಿತು. ಹೆಸರು ಕಾಳಿನ ರಾಶಿಯ ಮೇಲೆ ಹರವಿ, ನಾಲ್ಕೂ ಮೂಲೆಗೆ ಕಲ್ಲು ಇಟ್ಟಿದ್ದಳು. ತಾನು ಪಕ್ಕದಲ್ಲಿ ಗೊಬ್ಬರದ ಚೀಲದ ಕೊಪ್ಪಿ ಹಾಕಿಕೊಂಡು ನಿಂತಿದ್ದಳು.

ನಾನು ಬೈಯೋಕೆ ಬಾಯಿ ತೆರೆದೆ. ಅವಳೇ ಮೊದಲು ಹೇಳಿದಳು: "ನಾ ತೊಯ್ದ್ರ ಒಣಗ್ತೀನೋ. ಹೆಸರು ತೊಯ್ದ್ರ ಮೊಳಕಿ ಒಡಿತದ."