ಮೂರಡಿಯ ವಠಾರ

ಬಣ್ಣದ ಮೀನಿನ ಅಂಗಡಿಗೆ ಹೋದಾಗ ನಾವೆಲ್ಲ ಮೊದಲು ನೋಡುವುದು ಬಣ್ಣವನ್ನೇ. ಹಜಾರದಲ್ಲಿ ಮೂರಡಿ ಉದ್ದದ ತೊಟ್ಟಿ ಸಿದ್ಧವಾಗಿದೆ, ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ಜಾಗಕ್ಕೆ ಏನು ತಂದರೂ ಆದೀತು ಅನ್ನಿಸುತ್ತದೆ. ಮಗಳಿಗೆ ನೀಲಿ ಗೆರೆ ಮಿನುಗುವ ನಿಯಾನ್ ಟೆಟ್ರಾ ಬೇಕು, ಮಗನಿಗೆ ಪಟ್ಟೆ ಪಟ್ಟೆಯ ಟೈಗರ್ ಬಾರ್ಬ್, ಅವರಮ್ಮನಿಗೆ ಏಂಜೆಲ್, ಅಜ್ಜಿಗೆ ಗೋಲ್ಡ್ ಫಿಶ್. ಎಲ್ಲವೂ ಎರಡೆರಡು ಬರುತ್ತವೆ. ಕೆಲವು ತಿಂಗಳಲ್ಲಿ ನಿಯಾನ್‌ಗಳು ಕಾಣೆಯಾಗುತ್ತವೆ, ಏಂಜೆಲ್‌ನ ನೀಳ ಈಜುರೆಕ್ಕೆಗಳ ಅಂಚು ಚಿಂದಿಯಾಗಿರುತ್ತದೆ. ಟೈಗರ್ ಬಾರ್ಬ್‌ಗೆ ಮನೆಯಲ್ಲಿ ಪೋಕರಿ ಎಂಬ ಹೆಸರು ಬೀಳುತ್ತದೆ.

ಪಾಪ, ಅದರ ತಪ್ಪೇನೂ ಇಲ್ಲ. ತರುವಾಗ ಪುಟ್ಟದಾಗಿದ್ದ ಏಂಜೆಲ್ ಮರಿ ಬೆಳೆದು ಅಂಗೈ ಅಗಲವಾಗುತ್ತದೆ. ಬಾಯಿಯೊಳಗೆ ಹಿಡಿಯುವುದೆಲ್ಲ ಅದಕ್ಕೆ ಆಹಾರ, ನಿಯಾನ್ ಬೆಳೆಯುವುದೇ 3-4 ಸೆಂಟಿಮೀಟರ್. ಗೋಲ್ಡ್ ಫಿಶ್‌ಗೆ 20 ಡಿಗ್ರಿ ಆಸುಪಾಸಿನ ತಂಪು ಹಿತ, ಉಳಿದವಕ್ಕೆ 25 ಡಿಗ್ರಿಯ ಬೆಚ್ಚನೆ ನೀರು ಬೇಕು. ಇನ್ನು ಟೈಗರ್ ಬಾರ್ಬ್ ಹಿಂಡಿನ ಮೀನು. ಎರಡೇ ಇದ್ದಾಗ ಕೆಣಕುವುದಕ್ಕೆ, ಅಟ್ಟುವುದಕ್ಕೆ ಪಕ್ಕದವರ ರೆಕ್ಕೆಯೇ ಸಿಗುತ್ತದೆ. ಎಂಟು ಹತ್ತು ಒಟ್ಟಿಗಿದ್ದರೆ ತಮ್ಮತಮ್ಮಲ್ಲೇ ಓಡಾಡಿಸಿಕೊಂಡು, ಯಾರು ಮೇಲು ಎಂದು ತೀರ್ಮಾನಿಸಿಕೊಂಡು, ಬೇರೆಯವರ ತಂಟೆಗೆ ಬರುವುದು ಬಹಳ ಕಡಿಮೆಯಾಗುತ್ತದೆ. ಆಗಲೂ ಏಂಜೆಲ್ ಜೊತೆ ಮಾತ್ರ ಬಿಡಬಾರದು.

ಸ್ವಭಾವವನ್ನು ತಿದ್ದದೆ, ಶಿಕ್ಷಿಸದೆ, ಬೇಕಾದ ಸಹವಾಸ ಒದಗಿಸಿದ್ದರಿಂದಲೇ ಉಪಟಳ ತಗ್ಗಿತಲ್ಲ, ಅದು ನನಗೆ ಬಹಳ ದೊಡ್ಡ ಸಂಗತಿ ಅನ್ನಿಸುತ್ತದೆ. ಹೊಳೆಯಲ್ಲಾದರೆ ಒಲ್ಲದ ನೆರೆಯವರಿಂದ ಮೀನು ಈಜಿ ದೂರ ಹೋಗುತ್ತದೆ. ಗಾಜಿನೊಳಗೆ ಆ ದಾರಿಯನ್ನು ಮುಚ್ಚಿದವರು ನಾವು, ಹಾಗಾಗಿ ವಿವೇಚನೆಯೂ ನಮ್ಮ ಪಾಲಿಗೇ ಬರುತ್ತದೆ. ತೊಟ್ಟಿಯನ್ನು ಮೂರು ಅಂತಸ್ತಿನ ವಠಾರ ಎಂದುಕೊಂಡರೆ ಆಯ್ಕೆ ಸುಲಭ. ನೆಲಕ್ಕೆ ಆರು ಕೋರಿಡೋರಾಸ್: ಮೀಸೆಯಿಂದ ಮರಳು ಕೆದಕುತ್ತ, ಒಂದರ ಹಿಂದೊಂದು ಸಾಗುವ ಸಾಧು ಮೀನುಗಳು. ಚೂಪು ಜಲ್ಲಿ ಹಾಕಿದರೆ ಆ ಮೀಸೆ ಸವೆದುಹೋಗುತ್ತದೆ, ಅವಕ್ಕೆ ನುಣುಪು ಮರಳೇ ಆಗಬೇಕು. ನಡುವಿಗೆ ಹತ್ತು ನಿಯಾನ್. ಮೇಲೆ ಒಂದು ಜೋಡಿ ಹನಿ ಗೌರಾಮಿ. ನಮ್ಮ ದೇಶದ್ದೇ ಆದ ಈ ಮೀನು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ನಿಮ್ಮದು ಬೋರ್‌ವೆಲ್‌ನ ಗಡಸು ನೀರಾದರೆ ನಿಯಾನ್ ಆಸೆ ಬಿಟ್ಟು ಗಪ್ಪಿ, ಮೋಲಿ, ಪ್ಲಾಟಿ ತನ್ನಿ. ಅವಕ್ಕೆ ಅಂಥ ನೀರೇ ಒಗ್ಗುತ್ತದೆ. ಎಲ್ಲವನ್ನೂ ಒಂದೇ ದಿನ ತುಂಬಬೇಡಿ. ಮೀನಿನ ಕಸದಿಂದ ಹುಟ್ಟುವ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ವಾರಗಳೇ ಹಿಡಿಯುತ್ತವೆ.

ಗಾಜಿನ ಪಾಚಿ ತಿನ್ನಲೆಂದು ತರುವ ಸಕರ್ ಮೀನಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಂಗಡಿಯಲ್ಲಿ ಬೆರಳುದ್ದ ಇರುವ ಅದು ಬೆಳೆದರೆ ಒಂದಡಿ ದಾಟುತ್ತದೆ. ಸಾಕಲಾಗದವರು ಪುಣ್ಯ ಬರಲಿ ಎಂದೇ ಅದನ್ನು ಕೆರೆಗೆ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಟ್ಟಿ ಜೀವ ಕೆಟ್ಟ ನೀರಿನಲ್ಲೂ ಬದುಕಿ, ಮರಿ ಮಾಡಿ, ಇಲ್ಲಿನ ಮೀನುಗಳ ಜಾಗಕ್ಕೂ ಬೆಸ್ತರ ಬಲೆಗೂ ಕಂಟಕವಾಗುತ್ತದೆ. ಆದ್ದರಿಂದ ಕೊಳ್ಳುವಾಗಲೇ ಅಂಗಡಿಯವರನ್ನು ಕೇಳೋಣ: ‘ಅಣ್ಣಾ, ಇದು ದೊಡ್ಡದಾದರೆ ಎಷ್ಟುದ್ದ ಆಗುತ್ತೆ? ಸಾಕಲು ಆಗದಿದ್ದರೆ ವಾಪಸ್ ತಗೋತೀರಾ?’ ಈಗಾಗಲೇ ಮನೆಯಲ್ಲಿ ಬೆಳೆದು ಕುಳಿತಿದ್ದರೆ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ ಕೊಟ್ಟುಬಿಡಿ. ಅಂಗಡಿಯವರೇ ಇಟ್ಟುಕೊಳ್ಳುತ್ತೇನೆಂದರೆ ದುಡ್ಡು ಕೇಳದೆ ಒಪ್ಪಿಸಿ ಬನ್ನಿ.