ಕಾಶಿಯಲ್ಲಿ ಬಿಡಲಾಗದ್ದು

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಅಲ್ಲೇ ಬಿಟ್ಟು ಬರಬೇಕೆಂಬುದು ನಮ್ಮ ರೂಢಿ. ಹೋಗಿ ಬಂದವರನ್ನು ಕೇಳಿ ನೋಡಿ, ಬಿಟ್ಟದ್ದು ಹಾಗಲಕಾಯಿಯೋ ಸೀಬೆಹಣ್ಣೋ ಆಗಿರುತ್ತದೆ. ಮೊದಲೇ ಬಾಯಿಗೆ ಸೇರದ್ದನ್ನು ಗಂಗೆಗೆ ಒಪ್ಪಿಸಿ ಪುಣ್ಯ ಕಟ್ಟಿಕೊಳ್ಳುವ ಜಾಣತನ ನಮ್ಮದು.

ನಮಗೆ ನಿಜವಾಗಿ ಇಷ್ಟವಾದದ್ದು ಯಾವುದೆಂದು ಕಾಶಿಯ ಪೇಟೆಯೇ ತೋರಿಸುತ್ತದೆ. ಗೋದೌಲಿಯಾ ವೃತ್ತದ ಗದ್ದಲ ದಾಟಿ ವಿಶ್ವನಾಥ ಗಲ್ಲಿಯನ್ನು ಹೊಕ್ಕರೆ ಎದುರಿಗೆ ಬಂದವರ ಹೆಗಲು ತಾಗುತ್ತದೆ. ಗಂಗೆಯ ಗಿಂಡಿ, ಕಾಶಿದಾರ, ಬಳೆ, ಕುಂಕುಮ. ಕೂತಲ್ಲಿಂದಲೇ ಕೈ ಚಾಚಿದರೆ ಮುಗಿಯುವಷ್ಟು ಪುಟ್ಟ ಅಂಗಡಿಗಳು. ಅದೇ ಊರಿನ ಸಿಗ್ರಾದಲ್ಲಿ ತಣ್ಣನೆ ಗಾಳಿಯ ಮಾಲ್ ಇದೆ.

ಚಿಕ್ಕ ಅಂಗಡಿ, ದೊಡ್ಡ ಅಂಗಡಿಗಳ ಜಗಳ ಇಲ್ಲಿ ಒಮ್ಮೆ ಬೀದಿಗೇ ಬಂದಿತ್ತು. 2007ರಲ್ಲಿ ತರಕಾರಿ ಮಾರುವ ರಿಲಯನ್ಸ್ ಫ್ರೆಶ್ ಮಳಿಗೆಗಳ ವಿರುದ್ಧ ವ್ಯಾಪಾರಿಗಳು ಪ್ರತಿಭಟಿಸಿದಾಗ, ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಮಾಯಾವತಿ ಸರ್ಕಾರ ಲಖನೌ ಮತ್ತು ವಾರಾಣಸಿಯ ಮಳಿಗೆಗಳ ಬಾಗಿಲು ಹಾಕಿಸಿತು. ತರಕಾರಿ ಗಾಡಿಯವರು ಅಂದು ನೆಮ್ಮದಿಯ ನಿಟ್ಟುಸಿರು ಬಿಟ್ಟಿರಬೇಕು. ಆದರೆ ಸರ್ಕಾರ ಮುಚ್ಚಿಸಿದ್ದು ಬಾಗಿಲನ್ನು, ನಮ್ಮ ಆಸೆಯನ್ನಲ್ಲ. ಬಾಗಿಲೇ ಬೇಡದ ಅಂಗಡಿ ಈಗ ಅಂಗೈಯ ಫೋನಿನೊಳಗೆ ಬಂದು ಕೂತಿದೆ.

ಚಿಕ್ಕ ಅಂಗಡಿಯೆಂದರೆ ಸತ್ಯದ ಮನೆಯೇನಲ್ಲ. ಹಿಂದಿ ಬಾರದ ನಮ್ಮೂರ ಯಾತ್ರಿಕನಿಗೆ ಗಲ್ಲಿಯಲ್ಲಿ ಚೌಕಾಸಿ ಮಾಡುವುದೇ ಒಂದು ಯುದ್ಧ. ಮುಖ ನೋಡಿ ಬೆಲೆ ಹೇಳುವವರಿಗಿಂತ, ಬೆಲೆ ಅಂಟಿಸಿಟ್ಟ ಕಪಾಟೇ ಅವನಿಗೆ ದೊಡ್ಡ ಉಪಕಾರಿ. ಆದರೆ ಆ ಕಪಾಟಿಗೆ ಅವನ ಪರಿಚಯ ಬೇಕಿಲ್ಲ. ಊರಿಗೆ ಮರಳಿದ ಮೇಲೆ ತಿಂಗಳ ಕೊನೆಯಲ್ಲಿ ಕೈ ಬರಿದಾದಾಗ "ಇರಲಿ, ಆಮೇಲೆ ಕೊಡಿ" ಎಂದು ಪುಸ್ತಕದಲ್ಲಿ ಉದ್ರಿ ಬರೆದುಕೊಳ್ಳುವುದು ಬೀದಿ ಕೊನೆಯ ಅಂಗಡಿ ಮಾತ್ರ. ಆ ಪುಸ್ತಕದಲ್ಲಿರುವುದು ಬರೀ ಸಾಲವಲ್ಲ, ನಾಳೆಯೂ ನೀನು ಇಲ್ಲೇ ಇರುತ್ತೀಯೆಂಬ ನಂಬಿಕೆ.

ಆ ನಂಬಿಕೆಯನ್ನು ಕೊಲ್ಲಲು ದೊಡ್ಡ ಅಂಗಡಿಯೇ ಬರಬೇಕಿಲ್ಲ. ಬನಾರಸಿ ಸೀರೆಗೆ 2009ರಲ್ಲಿ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. ಆದರೂ ಯಂತ್ರಮಗ್ಗದ ನಕಲು ಸೀರೆಗಳು ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ, ಕೆಲವೊಮ್ಮೆ ಚಿಕ್ಕ ಅಂಗಡಿಗಳಲ್ಲೇ. ಒಂದು ಸೀರೆಗೆ ವಾರಗಟ್ಟಲೆ ಮಗ್ಗದ ಮುಂದೆ ಕೂರುವ ನೇಕಾರನ ಅನ್ನ ಕಸಿದದ್ದು ಮಾಲೋ, ಗಲ್ಲಿಯೋ? "ಇನ್ನೂ ಕಡಿಮೆಗೆ ಕೊಡಿ" ಎಂದವರು ನಾವೇ ಅಲ್ಲವೇ?

ಗೋದೌಲಿಯಾದ ಸಮೀಪದಲ್ಲೇ ವೀರಶೈವರ ಜಂಗಮವಾಡಿ ಮಠವಿದೆ. ಕನ್ನಡದ ಭಕ್ತರು ಬಂದು ತಂಗುವ ಜಾಗ. ಅದರ ಮುಂದೆ ನಿಂತಾಗ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾಗಬೇಕು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದವಳು ಅವಳು. ಒಂದು ಕೊಂಡರೆ ಒಂದು ಉಚಿತವೆಂದು ಎರಡು ಚೀಲ ಹೊತ್ತು ಮನೆಗೆ ಹೋದರೆ ಬಾಗಿಲಲ್ಲೇ ತಡೆದು ಕೇಳುತ್ತಿದ್ದಳೇನೋ: ಈ ಎರಡನೆಯದು ಯಾರ ಪಾಲಿನದು?

ದೊಡ್ಡ ಅಂಗಡಿಗೆ ಹೋಗಲೇಬಾರದೆಂದಲ್ಲ. ಆದರೆ ಬೆಲೆ ಕೇಳುವ ನಾಲಿಗೆ, ಅಷ್ಟು ಕಡಿಮೆಗೆ ಹೇಗೆ ಬಂತು ಎಂದೂ ಒಮ್ಮೆ ಕೇಳಲಿ. ಯಾರೋ ಒಬ್ಬರು ತಮ್ಮ ಕೂಲಿಯಲ್ಲಿ ಬಿಟ್ಟುಕೊಟ್ಟದ್ದೇ ನಮಗೆ ಉಳಿತಾಯವಾಗಿ ಸಿಕ್ಕಿರಬಹುದು.

ಮುಂದಿನ ಸಲ ಕಾಶಿಗೆ ಹೋದಾಗ ಹಾಗಲಕಾಯಿಯ ಬದಲು ಅಗ್ಗದ ಆಸೆಯನ್ನು ಬಿಟ್ಟು ಬರೋಣವೆಂದು ನೀರಿಗಿಳಿದರೆ, ಬಿಡಲು ಕೈ ಬಾರದೆ ಹೋಗಬಹುದು. ಆ ಮಟ್ಟಿಗೆ ಕಾಶಿ ಕೇಳುವುದು ಸರಿಯಾಗಿಯೇ ಇದೆ: ಇಷ್ಟವಾದದ್ದನ್ನೇ ಬಿಡಬೇಕು.